ಚಕ್ರದ ಬಣ್ಣ ಒಂದೊಂದು ಕಡೆ ಒಂದೊಂದು ಥರ ಇದೆಯಲ್ಲ, ಯಾವುದು ಸರಿ?

ಹೊಸ ಉಸಿರು:
ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿಂದ ಒಂದು ಆನ್‌ಲೈನ್ ಧ್ಯಾನದ ತರಗತಿಗೆ ಸೇರಿದ್ದೇನೆ. ಬೆನ್ನುಮೂಳೆಯ ಉದ್ದಕ್ಕೂ ತಾವರೆಯ ರೂಪದಲ್ಲಿ ಇವೆ ಎನ್ನುವ ಶಕ್ತಿಯ ಕೇಂದ್ರಗಳು, ಅಂದರೆ ಚಕ್ರಗಳು, ಅಲ್ಲಿನ ಪಾಠ. ಹೆಸರು ಬೇಡ. ಮೊದಲ ವಾರವೇ ನಲವತ್ತು ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟು ತುಂಬಿಸಿಕೊಂಡರು. ಮಾರನೇ ದಿನ ಉತ್ತರ ಬಂತು. ನನ್ನ ಸ್ವಾಧಿಷ್ಠಾನ (ಹೊಕ್ಕುಳ ಕೆಳಗಿನ ಚಕ್ರ) ಮುಚ್ಚಿಹೋಗಿದೆಯಂತೆ, ಮಣಿಪೂರ (ಹೊಕ್ಕುಳಿನ ಚಕ್ರ) ಅತಿಯಾಗಿ ತಿರುಗುತ್ತಿದೆಯಂತೆ. ಅದಕ್ಕೆ ದಿನಾ ಹೊಕ್ಕುಳ ಕೆಳಗೆ ಕಿತ್ತಳೆ ಬಣ್ಣ ನೆನೆಸಿಕೊಳ್ಳಿ ಅಂದರು. ನಾನೂ ಶ್ರದ್ಧೆಯಿಂದ ಮಾಡಿದೆ.

ಕಳೆದ ವಾರ ಅಜ್ಜಿಯ ಸೌಂದರ್ಯಲಹರಿ, ಆ ದೇವಿ ಸ್ತೋತ್ರದ ಪುಸ್ತಕ, ಕೈಗೆ ಸಿಕ್ಕಿತು. ಅದರ 9ನೇ ಶ್ಲೋಕದಲ್ಲಿ ನೀರು ಇರುವುದು ಮಣಿಪೂರದಲ್ಲಿ, ಬೆಂಕಿ ಇರುವುದು ಸ್ವಾಧಿಷ್ಠಾನದಲ್ಲಿ! ತರಗತಿಯಲ್ಲಿ ಹೇಳಿದ್ದು ಪೂರ್ತಿ ಉಲ್ಟಾ. ಇನ್ನೊಂದು ಪುಸ್ತಕ ತೆಗೆದರೆ ಮಣಿಪೂರದ ದಳಗಳು ಮಳೆಮೋಡದ ಬಣ್ಣ ಅಂತಿದೆ. ನಮಗೆ ಹೇಳಿದ್ದು ಹಳದಿ.

ಗುರುಗಳನ್ನು ಕೇಳಿದೆ. "ತುಂಬ ಯೋಚನೆ ಮಾಡ್ತೀರಿ, ಅದೇ ನಿಮ್ಮ ಮಣಿಪೂರದ ಸಮಸ್ಯೆ" ಅಂದುಬಿಟ್ಟರು. ನಾಲ್ಕು ತಿಂಗಳು ತಪ್ಪು ಬಣ್ಣ ಹಾಕಿಕೊಂಡು ಕೂತಿದ್ದೆನಾ? ತಿಳಿದವರು ಹೇಳಿ.

ಸುಮ್ನೆ ಓದುಗ:
ಕಾಮನಬಿಲ್ಲಿನ ಬಣ್ಣವೇ ಸರಿ ಇರಬೇಕು. ಕೆಳಗೆ ಕೆಂಪು, ನೆತ್ತಿಯಲ್ಲಿ ನೇರಳೆ. ಎಲ್ಲ ಚಿತ್ರಗಳಲ್ಲೂ ಹಾಗೇ ಇರೋದು.

ತಾಳೆಗರಿ:
ಎಲ್ಲ ಚಿತ್ರಗಳಲ್ಲೂ ಇದೆ ನಿಜ. ಆದರೆ ಆ ಚಿತ್ರಗಳಿಗೆ ಜಾಸ್ತಿ ವಯಸ್ಸಾಗಿಲ್ಲ. ಏಳು ಚಕ್ರಕ್ಕೆ ಕಾಮನಬಿಲ್ಲಿನ ಏಳು ಬಣ್ಣ ಸಾಲಾಗಿ ಜೋಡಿಸಿದ್ದು ಪಶ್ಚಿಮದ ದೇಶಗಳಲ್ಲಿ. ಅದು ಜನಪ್ರಿಯವಾದದ್ದು 1970ರ ದಶಕದಲ್ಲಿ. ಅಂದಹಾಗೆ ಕಾಮನಬಿಲ್ಲಿಗೆ ಏಳೇ ಬಣ್ಣ ಅಂತ ಎಣಿಸಿದವನು ನ್ಯೂಟನ್. ಸಂಗೀತದ ಏಳು ಸ್ವರಕ್ಕೆ ಸರಿಹೋಗಲಿ ಅಂತ ಏಳು ಮಾಡಿದ. ಅವನಿಗೆ ಮೂಲಾಧಾರದ, ಅಂದರೆ ಬೆನ್ನುಮೂಳೆಯ ಬುಡದ ಚಕ್ರದ, ಸುದ್ದಿಯೇ ಗೊತ್ತಿರಲಿಲ್ಲ.

ಇವತ್ತು ನಮಗೆ ಪರಿಚಯ ಇರುವ "ಆರು ಚಕ್ರ, ಮೇಲೆ ನೆತ್ತಿಯಲ್ಲೊಂದು ಸಹಸ್ರಾರ" ಎಂಬ ಲೆಕ್ಕ ಹೆಚ್ಚಾಗಿ ಬಂದಿರುವುದು ಒಂದೇ ಪುಸ್ತಕದಿಂದ. ಬಂಗಾಳದ ಪೂರ್ಣಾನಂದ ಯತಿ 1577ರಲ್ಲಿ ಬರೆದ ಷಟ್ಚಕ್ರ ನಿರೂಪಣ. ಕಲ್ಕತ್ತಾ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಜಾನ್ ವುಡ್‌ರೋಫ್, ಆರ್ಥರ್ ಅವಲಾನ್ ಎಂಬ ಹೆಸರಿನಲ್ಲಿ ಅದನ್ನು ಇಂಗ್ಲಿಷಿಗೆ ತಂದು 1919ರಲ್ಲಿ ಪ್ರಕಟಿಸಿದರು. ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಅನುವಾದ ಆಗಲು ಆ ಪುಸ್ತಕ ಸಿಕ್ಕಿತು, ಆದ್ದರಿಂದ ಅದೇ ಪ್ರಮಾಣವಾಯಿತು. ಬೇರೆ ಪುಸ್ತಕ ಸಿಕ್ಕಿದ್ದರೆ ಇವತ್ತು ನಾವೆಲ್ಲ ಒಂಬತ್ತು ಚಕ್ರ ಅಂತ ವಾದ ಮಾಡುತ್ತಿದ್ದೆವು. ತಮಾಷೆಗೆ ಹೇಳುತ್ತಿಲ್ಲ. ನಾಥ ಪಂಥದ ಯೋಗಿಗಳ ಸಿದ್ಧಸಿದ್ಧಾಂತ ಪದ್ಧತಿ ಎಂಬ ಪುಸ್ತಕದಲ್ಲಿ ಒಂಬತ್ತಿದೆ.

ಪೂರ್ಣಾನಂದರ ಬಣ್ಣಗಳನ್ನೇ ನೋಡಿ. ಮೂಲಾಧಾರದ ದಳ ಕೆಂಪು, ನಡುವಿನ ಭೂಮಿಯ ಚೌಕ ಹಳದಿ. ಸ್ವಾಧಿಷ್ಠಾನದ ದಳ ಸಿಂಧೂರ, ಒಳಗಿನ ನೀರಿನ ಅರ್ಧಚಂದ್ರ ಬಿಳಿ. ಮಣಿಪೂರದ ದಳ ತುಂಬಿದ ಮೋಡದ ಕಪ್ಪು, ಒಳಗಿನ ಬೆಂಕಿಯ ತ್ರಿಕೋನ ಕೆಂಪು. ಎದೆಯ ಅನಾಹತಕ್ಕೆ ಬಂಧೂಕ ಹೂವಿನ ಕೆಂಪು, ಒಳಗೆ ಹೊಗೆಬಣ್ಣದ ಷಟ್ಕೋನ. ಗಂಟಲಿನ ವಿಶುದ್ಧಿಗೆ ಹೊಗೆ ಬೆರೆತ ನೇರಳೆ. ಹುಬ್ಬಿನ ನಡುವಿನ ಆಜ್ಞಾ ಬೆಳದಿಂಗಳ ಬಿಳಿ. ಕಾಮನಬಿಲ್ಲಿನ ಚಿತ್ರಗಳ ಹಸಿರು ಎದೆ ಎಲ್ಲೂ ಇಲ್ಲ. ಒಂದು ಚಕ್ರಕ್ಕೆ ಒಂದೇ ಬಣ್ಣ ಎನ್ನುವುದೂ ಇಲ್ಲ. ದಳಕ್ಕೊಂದು, ಒಳಗಿನ ಭೂಮಿ, ನೀರು, ಬೆಂಕಿಯಂಥ ಪಂಚಭೂತದ ಆಕಾರಕ್ಕೊಂದು.

ಅದಕ್ಕೂ ಹಿಂದೆ ಹೋಗಿ. ಕುಬ್ಜಿಕಾಮತ ತಂತ್ರ ಸುಮಾರು 10-11ನೇ ಶತಮಾನದ್ದು. ಈಗ ನಾವು ಹೇಳುವ ಆರು ಹೆಸರುಗಳ ಪಟ್ಟಿ ಬೆಳೆದದ್ದು ಆ ಪಂಥದಲ್ಲಿ. ಬೌದ್ಧರ ಹೇವಜ್ರ ತಂತ್ರದಲ್ಲಿ ನಾಲ್ಕೇ ಚಕ್ರ. ಹೊಕ್ಕುಳಲ್ಲಿ 64 ದಳ, ಎದೆಯಲ್ಲಿ 8, ಗಂಟಲಲ್ಲಿ 16, ತಲೆಯಲ್ಲಿ 32. ಪತಂಜಲಿಯ ಯೋಗಸೂತ್ರದಲ್ಲಿ ನಾಭಿಚಕ್ರ ಎಂಬ ಮಾತು ಬರುತ್ತದೆ ಅಷ್ಟೇ, ಆರು ಚಕ್ರದ ಏಣಿ ಇಲ್ಲ. ಛಾಂದೋಗ್ಯದಲ್ಲಿ ಹೃದಯದಿಂದ ನೂರೊಂದು ನಾಡಿಗಳು ಹೊರಡುತ್ತವೆ, ಒಂದು ಮಾತ್ರ ನೆತ್ತಿಗೆ ಏರುತ್ತದೆ ಎಂದಿದೆ. ಅಲ್ಲೂ ತಾವರೆಗಳ ಸಾಲಿಲ್ಲ.

ನಿಮ್ಮ ಸೌಂದರ್ಯಲಹರಿಯಲ್ಲಿ ಅಚ್ಚಿನ ತಪ್ಪೇನಿಲ್ಲ. ಅದು ಇನ್ನೊಂದು ಸಂಪ್ರದಾಯದ ಲೆಕ್ಕ. ಮುಂದೆ ಮಣಿಪೂರದ ಶ್ಲೋಕವನ್ನೂ ಓದಿ. ಅಲ್ಲಿ ಮಿಂಚಿನ ಜೊತೆ ಕಪ್ಪು ಮೋಡ ಬರುತ್ತದೆ, ಬೆಂದ ಲೋಕದ ಮೇಲೆ ಮಳೆ ಸುರಿಯುತ್ತದೆ. ನೀರು ಅಲ್ಲಿರಲೇಬೇಕು ಅಲ್ವಾ?

ಇನ್ನು "ಮುಚ್ಚಿಹೋಗಿದೆ" ಅಂದದ್ದು. ಈ ಪುಸ್ತಕಗಳ ಪ್ರಕಾರ ಮೂಲಾಧಾರದಲ್ಲಿರುವ ಶಕ್ತಿ, ಕುಂಡಲಿನಿ, ಎಲ್ಲರಲ್ಲೂ ಮಲಗಿಯೇ ಇದ್ದಾಳೆ. ಬ್ರಹ್ಮಗ್ರಂಥಿ, ವಿಷ್ಣುಗ್ರಂಥಿ, ರುದ್ರಗ್ರಂಥಿ ಎಂಬ ಮೂರು ಗಂಟು ಎಲ್ಲರಿಗೂ ಇವೆ. ನಿಮಗೊಬ್ಬರಿಗೆ ಎರಡನೆಯ ಚಕ್ರ ಕಟ್ಟಿಕೊಂಡು ಮೂರನೆಯ ಚಕ್ರ ಜೋರಾಗಿ ತಿರುಗುತ್ತದೆ ಎಂದು ನಲವತ್ತು ಪ್ರಶ್ನೆಯಲ್ಲಿ ಕಂಡುಹಿಡಿಯುವ ವಿದ್ಯೆ ಅವುಗಳಲ್ಲಿ ನನಗೆ ಸಿಕ್ಕಿಲ್ಲ.

ಕಟ್ಟುನಿಟ್ಟು:
ತಾಳೆಗರಿ ಸರ್, ನೀವೇ ನನ್ನ ವಾದ ಗೆಲ್ಲಿಸಿಕೊಟ್ಟಿರಿ. ಒಬ್ಬರು ನಾಲ್ಕು ಅಂತಾರೆ, ಒಬ್ಬರು ಆರು, ಒಬ್ಬರು ಒಂಬತ್ತು. ನೀರು ಎಲ್ಲಿದೆ, ಬೆಂಕಿ ಎಲ್ಲಿದೆ ಎನ್ನುವುದರಲ್ಲೂ ಒಮ್ಮತ ಇಲ್ಲ. ಪಿತ್ತಕೋಶ ಎಲ್ಲಿದೆ ಅಂತ ಯಾರಾದರೂ ಹೀಗೆ ಜಗಳ ಆಡ್ತಾರಾ? ಇಲ್ಲದ ವಸ್ತುವಿಗೆ ಮಾತ್ರ ಇಷ್ಟು ವಿಳಾಸ ಇರುತ್ತದೆ.

ದಯಾನಂದ ಸರಸ್ವತಿಯವರ ಕಥೆ ಗೊತ್ತಲ್ಲ? ಆರ್ಯ ಸಮಾಜ ಕಟ್ಟುವ ಎಷ್ಟೋ ಮೊದಲಿನ ಮಾತು. ಹಠಯೋಗದ ಪುಸ್ತಕ ಹೊತ್ತು ತಿರುಗುತ್ತಿದ್ದರು. ನದಿಯಲ್ಲಿ ಒಂದು ಹೆಣ ತೇಲಿ ಬಂತು. ದಡಕ್ಕೆ ಎಳೆದು, ಚಾಕುವಿನಿಂದ ಕೊಯ್ದು, ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಿದರು. ಪುಸ್ತಕದಲ್ಲಿ ಬರೆದದ್ದು ಒಂದೂ ಕಾಣಲಿಲ್ಲ. ಪುಸ್ತಕ ಹರಿದು, ಹೆಣದ ಜೊತೆ ಅದನ್ನೂ ನೀರಿಗೆ ಬಿಟ್ಟರು. ಇದು ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡದ್ದು. ನನಗೆ ಅಷ್ಟೇ ಸಾಕು.

ತಾಳೆಗರಿ:
ಆ ಕಥೆ ನನಗೂ ಬಹಳ ಇಷ್ಟ. ಪುಸ್ತಕವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ಕಡಿಮೆ. ಆದರೆ ಅವರು ಹುಡುಕಿದ ರೀತಿ ನನಗೆ ಸರಿ ಕಾಣುವುದಿಲ್ಲ. ದೇವರ ಕೋಣೆಯ ನೆಲದಲ್ಲಿ ರಂಗೋಲಿ ಎಲ್ಲಿದೆ ಅಂತ ನೆಲ ಅಗೆದು ನೋಡಿದ ಹಾಗೆ. ರಂಗೋಲಿ ನೆಲದ ಒಳಗೆ ಇರುವುದಲ್ಲ. ದಿನಾ ಇಡುವುದು.

ಚಕ್ರದ ಮಾತೂ ಹಾಗೇ ಅಂತ ನನ್ನ ತಿಳಿವಳಿಕೆ. ಪೂಜೆ ಮಾಡುವವರು ನ್ಯಾಸ ಮಾಡುವುದನ್ನು ನೋಡಿದ್ದೀರಿ. ನ್ಯಾಸ ಅಂದರೆ ಇಡುವುದು. ಮೈಯ ಒಂದೊಂದು ಜಾಗ ಮುಟ್ಟಿ ಅಲ್ಲಿ ಒಂದು ಅಕ್ಷರ, ಒಂದು ದೇವತೆಯನ್ನು ಇಡುತ್ತಾರೆ. ತಂತ್ರದ ಪುಸ್ತಕಗಳಲ್ಲಿ ಚಕ್ರ ಬರುವುದು ಹೆಚ್ಚಾಗಿ ಇಂಥ ಕಡೆ. "ಇಲ್ಲಿ ಹೀಗೆ ಭಾವಿಸು" ಎಂದು ಹೇಳುತ್ತವೆ. ಯಾವ ದೇವತೆಯ ಉಪಾಸನೆಯೋ ಅದಕ್ಕೆ ತಕ್ಕ ನಕ್ಷೆ. ಉಪಾಸನೆ ಬದಲಾದರೆ ನಕ್ಷೆಯೂ ಬದಲಾಗುತ್ತದೆ. ಲೆಕ್ಕ ಬೇರೆ ಬೇರೆ ಇರುವುದು ಅದಕ್ಕೇ. ಪಿತ್ತಕೋಶಕ್ಕೆ ಹೋಲಿಸಿದರೆ ಇದು ಗೊಂದಲ. ರಂಗೋಲಿಗೆ ಹೋಲಿಸಿದರೆ ಮನೆಮನೆಯ ಪದ್ಧತಿ.

ನನಗೆ ತುಂಬ ಖುಷಿ ಕೊಟ್ಟ ಒಂದು ವಿಷಯ ಹೇಳಿಬಿಡುತ್ತೇನೆ. ಆರು ಚಕ್ರದ ದಳಗಳನ್ನು ಕೂಡಿಸಿ. 4, 6, 10, 12, 16, 2. ಒಟ್ಟು 50. ಅದು ಅಕ್ಷರಮಾಲೆಯ ಲೆಕ್ಕ! ಗಂಟಲಿನ ಹದಿನಾರು ದಳದಲ್ಲಿ ಅ ಆ ಇ ಈ ಯಿಂದ ಅಂ ಅಃ ತನಕ ಸಂಸ್ಕೃತದ ಹದಿನಾರು ಸ್ವರ. ಎದೆಯ ಹನ್ನೆರಡರಲ್ಲಿ ಕ ದಿಂದ ಠ ತನಕ. ಹೊಕ್ಕುಳ ಹತ್ತರಲ್ಲಿ ಡ ದಿಂದ ಫ. ಅದರ ಕೆಳಗೆ ಆರರಲ್ಲಿ ಬ ದಿಂದ ಲ. ಮೂಲಾಧಾರದ ನಾಲ್ಕರಲ್ಲಿ ವ ಶ ಷ ಸ. ಉಳಿದದ್ದು ಹ, ಕ್ಷ. ಅವೆರಡು ಹುಬ್ಬಿನ ನಡುವೆ. ಒಳಗಿನ ಮಾತೃಕಾ ನ್ಯಾಸ, ಅಂದರೆ ಅಕ್ಷರಗಳನ್ನು ಮೈಯೊಳಗೆ ಇಡುವುದು, ಮಾಡುವುದು ಇದೇ ಕ್ರಮದಲ್ಲಿ.

ಈಗ ಲಲಿತಾ ಸಹಸ್ರನಾಮ ನೆನಪು ಮಾಡಿಕೊಳ್ಳಿ. "ವಿಶುದ್ಧಿಚಕ್ರನಿಲಯಾ" ಅಂತ ಗಂಟಲಿನಿಂದ ಶುರುವಾಗಿ, ಎದೆ, ಹೊಕ್ಕುಳು ಅಂತ ಕೆಳಗಿಳಿದು, ಮೂಲಾಧಾರ ಮುಟ್ಟಿ, ತಟ್ಟನೆ ಆಜ್ಞೆಗೆ ಹಾರುತ್ತದೆ. ಚಿಕ್ಕಂದಿನಲ್ಲಿ ಕೇಳುವಾಗ ಇದೇನು ಹೀಗೆ ಕುಪ್ಪಳಿಸುತ್ತದೆ ಅನ್ನಿಸುತ್ತಿತ್ತು. ಕುಂಡಲಿನಿ ಏರುವ ದಾರಿ ಅಂದುಕೊಂಡರೆ ಅದು ಅಡ್ಡಾದಿಡ್ಡಿ. ವರ್ಣಮಾಲೆ ಅಂದುಕೊಂಡು ನೋಡಿ, ಒಂದು ಅಕ್ಷರವೂ ಆಚೀಚೆ ಆಗಿಲ್ಲ. ಅಲ್ಲಿ ಒಬ್ಬೊಬ್ಬ ಯೋಗಿನಿಗೂ ಒಂದು ಧಾತು, ಒಂದು ಅನ್ನ. ಗಂಟಲಿನವಳಿಗೆ ಚರ್ಮ ಮತ್ತು ಪಾಯಸ, ಹೊಕ್ಕುಳಿನವಳಿಗೆ ಮಾಂಸ ಮತ್ತು ಬೆಲ್ಲದನ್ನ, ಸ್ವಾಧಿಷ್ಠಾನದವಳಿಗೆ ಮೇದಸ್ಸು ಮತ್ತು ಮೊಸರನ್ನ. ಚರ್ಮದಿಂದ ಶುರುವಾಗಿ ಮಜ್ಜೆಯ ತನಕ, ಕೊನೆಗೆ ಸಹಸ್ರಾರದಲ್ಲಿ ಶುಕ್ಲ. ಮೈಯನ್ನು ಹೊರಗಿನಿಂದ ಒಳಕ್ಕೆ ಓದಿದ ಹಾಗೆ. ಇಷ್ಟು ಜೋಡಣೆ ತಾನಾಗಿ ಆಗುವುದಿಲ್ಲ. ಯಾರೋ ಕೂತು ಬಹಳ ಪ್ರೀತಿಯಿಂದ ಕಟ್ಟಿದ್ದಾರೆ. ಕಟ್ಟಿದ್ದು ಅಂದರೆ ಸುಳ್ಳು ಅಂತ ನಾನು ಒಪ್ಪುವುದಿಲ್ಲ.

ಕಟ್ಟುನಿಟ್ಟು:
ಕಟ್ಟಿದ್ದು ಅಂತ ಒಪ್ಪಿದಿರಲ್ಲ, ಅಷ್ಟು ಸಾಕು. ಕಟ್ಟಿದ್ದನ್ನೇ "ನಿಮ್ಮ ಒಳಗೆ ಕೆಟ್ಟುಹೋಗಿದೆ, ರಿಪೇರಿ ಮಾಡ್ತೀವಿ" ಅಂತ ಮಾರುವವರ ಮೇಲೆ ನನಗೆ ಸಿಟ್ಟು. ಅಕ್ಷರದ ವಿಷಯ ಮಾತ್ರ ಚೆನ್ನಾಗಿದೆ, ಸುಳ್ಳು ಹೇಳಬಾರದು.

ಬಯಲು:
ಇಲ್ಲಿ ವಚನಕಾರರನ್ನು ಯಾರೂ ನೆನಪು ಮಾಡಿಕೊಳ್ಳಲಿಲ್ಲ. ತಾಳೆಗರಿಯವರ "ಇಡುವುದು" ಎಂಬ ಮಾತಿಗೆ ಅಲ್ಲಿ ಒಳ್ಳೆಯ ಉದಾಹರಣೆ ಇದೆ. ಶರಣರು ಆ ಆರು ಜಾಗಗಳನ್ನೇ ತೆಗೆದುಕೊಂಡರು, ಆದರೆ ಅಲ್ಲಿ ಲಿಂಗ ಇಟ್ಟರು. ಆಧಾರದಲ್ಲಿ ಆಚಾರಲಿಂಗ, ಸ್ವಾಧಿಷ್ಠಾನದಲ್ಲಿ ಗುರುಲಿಂಗ, ಮಣಿಪೂರಕದಲ್ಲಿ ಶಿವಲಿಂಗ, ಅನಾಹತದಲ್ಲಿ ಜಂಗಮಲಿಂಗ, ವಿಶುದ್ಧಿಯಲ್ಲಿ ಪ್ರಸಾದಲಿಂಗ, ಆಜ್ಞೆಯಲ್ಲಿ ಮಹಾಲಿಂಗ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲವೂ, ಅಂದರೆ ಸಾಧನೆಯ ಹಂತವೂ, ಅದೇ ಮೆಟ್ಟಿಲಲ್ಲಿ ಕೂರುತ್ತದೆ.

ಗಮನಿಸಿ, ಬುಡದಲ್ಲಿ ಇರುವುದು ಆಚಾರ. ಅಂದರೆ ನಡತೆ. ಉಸಿರು ಕಟ್ಟುವುದಕ್ಕಿಂತ ಮೊದಲು ನೀನು ಜನರ ಜೊತೆ ಹೇಗೆ ನಡೆದುಕೊಳ್ಳುತ್ತೀಯ ಅನ್ನುವುದು. ಆ ಮೇಲಿನ ಐದು ಮೆಟ್ಟಿಲು ಆಮೇಲಿನ ಮಾತು. ನನ್ನ ಮಟ್ಟಿಗೆ ಇದು ಬಣ್ಣದ ಚರ್ಚೆಗಿಂತ ದೊಡ್ಡದು. ಆದರೆ ಇದಕ್ಕೆ ತರಗತಿ ನಡೆಸಿದರೆ ಯಾರೂ ಸೇರುವುದಿಲ್ಲ, ಬಿಡಿ.

ಹೊಸ ಉಸಿರು:
ಇಷ್ಟೆಲ್ಲ ಓದಿ ತಲೆ ಗಿರ್ ಅನ್ನುತ್ತಿದೆ, ಸಂತೋಷವೂ ಆಗುತ್ತಿದೆ. ಆದರೆ ಒಂದು ಅನುಮಾನ. ಧ್ಯಾನ ಮಾಡುವಾಗ ನನಗೆ ಹುಬ್ಬಿನ ನಡುವೆ ಜುಮ್ ಅನ್ನುತ್ತದೆ. ಜೋರಾಗಿ ಉಸಿರಾಡುವ ಅಭ್ಯಾಸದಲ್ಲಿ ಬೆರಳ ತುದಿ, ತುಟಿ ಎಲ್ಲ ಚಿಟಿಚಿಟಿ ಅನ್ನುತ್ತದೆ. ಅದು "ಶಕ್ತಿ ಹರಿಯುವುದು" ಅಂದರು. ಏನೂ ಇಲ್ಲದೆ ಹಾಗೆ ಆಗುತ್ತದಾ?

ಬೆನ್ನುಹುರಿ:
ನಾನು ಶರೀರಶಾಸ್ತ್ರ ಪಾಠ ಮಾಡುವವಳು. ಎರಡನ್ನೂ ಬೇರೆ ಬೇರೆ ನೋಡೋಣ.

ಬೆರಳು, ತುಟಿ ಚಿಟಿಚಿಟಿ ಅನ್ನುವುದು ರಕ್ತದ ಆಟ. ಅಗತ್ಯಕ್ಕಿಂತ ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ರಕ್ತ ಸ್ವಲ್ಪ ಕ್ಷಾರ ಆಗುತ್ತದೆ, ಅದರಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ನರಗಳು ಸುಮ್ಸುಮ್ನೆ ಕೆರಳುತ್ತವೆ. ಮೆದುಳಿನ ರಕ್ತನಾಳಗಳೂ ಕುಗ್ಗುತ್ತವೆ, ಅದಕ್ಕೇ ತಲೆ ಹಗುರ ಆದ ಹಾಗೆ ಅನ್ನಿಸುವುದು. ಹೆದರಿಕೆಯ ದಾಳಿ ಬಂದವರಿಗೂ ಇದೇ ಆಗುತ್ತದೆ. ಅವರಿಗೆ ಯಾರೂ ಚಕ್ರ ತೆರೆಯಿತು ಅನ್ನುವುದಿಲ್ಲ.

ಹುಬ್ಬಿನ ನಡುವಿನ ಜುಮ್ ಬೇರೆ. ಈಗಲೇ ಬಲಗೈ ಹೆಬ್ಬೆರಳ ತುದಿಗೆ ಒಂದು ನಿಮಿಷ ಪೂರ್ತಿ ಗಮನ ಕೊಡಿ. ಮುಟ್ಟಬೇಡಿ. ಅಲ್ಲಿ ಬಿಸಿ, ಮಿಡಿತ, ಏನೋ ಒಂದು ಗೊತ್ತಾಗುತ್ತದೆ. ಯಾವಾಗಲೂ ಬರುತ್ತಿದ್ದ ಸುದ್ದಿಯನ್ನು ಮೆದುಳು ಈಗ ಕೇಳಿಸಿಕೊಂಡಿತು, ಅಷ್ಟೇ. ಎದೆ, ಗಂಟಲು, ಹೊಟ್ಟೆ ಇಂಥ ಜಾಗಗಳಲ್ಲಿ ಇದು ಇನ್ನೂ ಜಾಸ್ತಿ. ದುಃಖ ಬಂದರೆ ಗಂಟಲು ಕಟ್ಟುತ್ತದೆ, ಭಯಕ್ಕೆ ಹೊಟ್ಟೆ ತೊಳಸುತ್ತದೆ. ಹಳಬರು ಬೆರಳಿಟ್ಟ ಜಾಗಗಳು ಯಾವುವು ನೋಡಿ. ಮೊಣಕೈಯಲ್ಲಿ ಒಂದು ದೊಡ್ಡ ಚಕ್ರ ಯಾಕೆ ಇಡಲಿಲ್ಲ?

ಹಾಗಂತ ಚಕ್ರ ಅಂದರೆ ನರಗಳ ಜಾಲ, ಗ್ರಂಥಿ ಅಂತ ಪಟ್ಟಿ ಮಾಡುವುದನ್ನೂ ನಾನು ಒಪ್ಪುವುದಿಲ್ಲ. ಅದು ಹಳೇ ಚಾಳಿ. ವಸಂತ ರೇಲೆ ಎಂಬ ವೈದ್ಯರು 1927ರಲ್ಲೇ ಕುಂಡಲಿನಿ ಅಂದರೆ ಮೆದುಳಿನಿಂದ ಹೊಟ್ಟೆಯ ತನಕ ಇಳಿಯುವ ವೇಗಸ್ ನರ ಅಂತ ಪುಸ್ತಕ ಬರೆದರು. ಅದೇ ವರ್ಷ ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಲೆಡ್‌ಬೀಟರ್ ತಮ್ಮ ಚಕ್ರದ ಪುಸ್ತಕ ತಂದರು, ಸ್ವಾಧಿಷ್ಠಾನ ತೆಗೆದು ಆ ಜಾಗಕ್ಕೆ ಗುಲ್ಮದ ಚಕ್ರ ಹಾಕಿದರು. ಜನನಾಂಗದ ಹತ್ತಿರದ ಜಾಗ ಅಪಾಯ ಅಂತ ಅವರ ಅಭಿಪ್ರಾಯ. ಒಬ್ಬರ ಮುಜುಗರಕ್ಕೆ ಒಂದು ಚಕ್ರವೇ ಮನೆ ಬದಲಾಯಿಸಿತು! ನಿಧಾನ ಉಸಿರಿನಿಂದ, ನಿಮಿಷಕ್ಕೆ ಆರರ ಹತ್ತಿರ, ಎದೆಬಡಿತ ಹದಕ್ಕೆ ಬರುತ್ತದೆ, ಮನಸ್ಸು ಇಳಿಯುತ್ತದೆ ಎನ್ನುವುದಕ್ಕೆ ಆಧಾರ ಇದೆ. ಅದಕ್ಕೆ ಚಕ್ರದ ಹೆಸರು ಬೇಕೇಬೇಕು ಅಂತಿಲ್ಲ.

ನಿದ್ದೆಗೆಟ್ಟವಳು:
ನಾನು ಸಾಮಾನ್ಯವಾಗಿ ಓದಿ ಹೋಗುತ್ತೇನೆ. ಇದಕ್ಕೆ ಬರೆಯಲೇಬೇಕು ಅನ್ನಿಸಿತು.

ಎರಡು ವರ್ಷದ ಹಿಂದೆ ಒಂದು ಶಿಬಿರದಲ್ಲಿ ದಿನಕ್ಕೆ ಮೂರು ಹೊತ್ತು ಭಸ್ತ್ರಿಕೆ (ತಿದಿಯ ಹಾಗೆ ಜೋರಾಗಿ ಉಸಿರಾಡುವುದು), ಆಮೇಲೆ ಉಸಿರು ಕಟ್ಟಿ ಹುಬ್ಬಿನ ನಡುವೆ ನೋಡುವುದು ಮಾಡಿಸಿದರು. ಐದನೇ ದಿನ ನಿದ್ದೆ ಹೋಯಿತು. ಬೆನ್ನಲ್ಲಿ ಬಿಸಿ, ಮೈ ತಾನಾಗಿ ಬೆಚ್ಚುವುದು, ಕಾರಣ ಇಲ್ಲದೆ ಅಳು. ನಡೆಸುವವರು "ಶುಭ ಸೂಚನೆ, ಏರುತ್ತಿದೆ, ನಿಲ್ಲಿಸಬೇಡಿ" ಅಂದರು. ನಾನೂ ಹೆಮ್ಮೆಯಿಂದ ಮುಂದುವರಿಸಿದೆ. ಹನ್ನೊಂದು ರಾತ್ರಿ ಸರಿಯಾಗಿ ಮಲಗಲಿಲ್ಲ. ಕೊನೆಗೆ ಅಕ್ಕ ಬಂದು ಕೈ ಹಿಡಿದು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಆ ವೈದ್ಯರು ನಗಲಿಲ್ಲ. ಎಲ್ಲ ಕೇಳಿಸಿಕೊಂಡು, ಅಭ್ಯಾಸ ಪೂರ್ತಿ ನಿಲ್ಲಿಸಿ, ಮೊದಲು ನಿದ್ದೆ ಅಂದರು. ಸರಿಹೋಗಲು ಮೂರು ತಿಂಗಳಾಯಿತು.

ಈಗ ಬರೀ ವಾಕಿಂಗ್ ಮಾಡುತ್ತೇನೆ. ಚಕ್ರ ಸುಳ್ಳೋ ನಿಜವೋ ನನಗೆ ಬೇಡ. ಕೆಟ್ಟದ್ದಾದರೂ ಒಳ್ಳೆಯದೇ ಅನ್ನುವವರ ಹತ್ತಿರ ಹೋಗಬೇಡಿ.

ಹಳೇ ಸಾಧಕ:
ಅಮ್ಮಾ, ಬರೆದದ್ದು ಒಳ್ಳೆಯದಾಯಿತು. ನಾನು ಮೂವತ್ತು ವರ್ಷದಿಂದ ದಿನಾ ಕೂರುವವನು. ನಿಮಗೆ ಹಾಗೆ ಹೇಳಿದವರು ಹಠಯೋಗದ ಮುಖ್ಯ ಪುಸ್ತಕ ಹಠಪ್ರದೀಪಿಕೆಯನ್ನೇ ತೆರೆದಿಲ್ಲ. ಸಿಂಹ, ಆನೆ, ಹುಲಿಯನ್ನು ಹೇಗೆ ಮೆಲ್ಲಮೆಲ್ಲಗೆ ಪಳಗಿಸುತ್ತಾರೋ ಹಾಗೆ ಪ್ರಾಣವನ್ನು ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಅಂತ ಎರಡನೇ ಉಪದೇಶದಲ್ಲೇ ಇದೆ. ತಪ್ಪು ಅಭ್ಯಾಸದಿಂದ ಬಿಕ್ಕಳಿಕೆ, ಕೆಮ್ಮು, ತಲೆನೋವು, ಕಿವಿನೋವು ಬರುತ್ತದೆ ಅಂತಲೂ ಇದೆ. ಐದು ದಿನದಲ್ಲಿ ಆನೆ ಪಳಗುತ್ತದಾ?

ಮೂರ್ಛೆರೋಗ ಇರುವವರು, ಬಿ.ಪಿ. ಜಾಸ್ತಿ ಇರುವವರು, ಹೃದಯದ ತೊಂದರೆ ಇರುವವರು, ಬಸುರಿಯರು, ಹಿಂದೆ ಮನೋರೋಗ ಬಂದಿರುವವರು ಜೋರು ಉಸಿರು, ಕುಂಭಕ (ಉಸಿರು ಕಟ್ಟುವುದು) ಮಾಡಲೇಬಾರದು. ನಿದ್ದೆ ಕೆಟ್ಟರೆ ಯಾರೇ ಆಗಲಿ ಅವತ್ತೇ ನಿಲ್ಲಿಸಬೇಕು, ಡಾಕ್ಟರ ಹತ್ತಿರ ಹೋಗಬೇಕು.

ಸುಮ್ನೆ ಓದುಗ:
ಬೇರೆ ಧರ್ಮದವರಲ್ಲೂ ಇದೆಯಂತಲ್ಲ, ಚೀನಾದಲ್ಲಿ, ಸೂಫಿಗಳಲ್ಲಿ. ಎಲ್ಲರೂ ಕಂಡಿದ್ದಾರೆ ಅಂದರೆ ಏನೋ ಇರಲೇಬೇಕು ಅಲ್ವಾ?

ತಾಳೆಗರಿ:
ಇದೆ. ಆದರೆ "ಎಲ್ಲ ಒಂದೇ" ಅನ್ನುವ ಅವಸರ ಬೇಡ. ಚೀನಾದ ದಾವೊ ಪಂಥದಲ್ಲಿ ಮೂರು ದಾನ್‌ತಿಯೆನ್. ಹೊಕ್ಕುಳ ಕೆಳಗೆ, ಎದೆಯಲ್ಲಿ, ಹುಬ್ಬಿನ ನಡುವೆ. ಅಲ್ಲಿ ಅವು ತಾವರೆಗಳಲ್ಲ, ಸಾರವನ್ನು ಕಾಯಿಸಿ ಕೂಡಿಡುವ ಜಾಗ. ಶಕ್ತಿ ಬೆನ್ನಲ್ಲಿ ಏರಿ ಎದೆಯ ಮುಂದೆ ಇಳಿದು ಸುತ್ತು ಹಾಕುತ್ತದೆ. ನಮ್ಮಲ್ಲಿ ಬೆನ್ನುಮೂಳೆಯ ನಡುವಿನ ಸುಷುಮ್ನಾ ನಾಡಿಯಲ್ಲಿ ಮೇಲೇರಿ ಶಿವನನ್ನು ಸೇರುವುದೇ ಗುರಿ. ನಕ್ಷ್‌ಬಂದಿ ಪಂಥದ ಸೂಫಿಗಳ ಲತೀಫಾಗಳಲ್ಲಿ, ಅಂದರೆ ಸೂಕ್ಷ್ಮ ಕೇಂದ್ರಗಳಲ್ಲಿ, ಹೆಚ್ಚಿನವು ಎದೆಯಲ್ಲೇ ಇವೆ, ಕಲ್ಬ್ ಎಡಕ್ಕೆ, ರೂಹ್ ಬಲಕ್ಕೆ. ಬೆನ್ನುಮೂಳೆಯ ಏಣಿ ಅವರಿಗೆ ಬೇಕಾಗಿಲ್ಲ. ಗ್ರೀಕ್ ಕ್ರೈಸ್ತ ಸನ್ಯಾಸಿಗಳು ಗದ್ದವನ್ನು ಎದೆಗೆ ಒತ್ತಿ, ಉಸಿರಿನ ಜೊತೆ ಯೇಸುವಿನ ಪ್ರಾರ್ಥನೆ ಹೇಳುತ್ತಿದ್ದರು. ಹೊಕ್ಕುಳು ನೋಡುವವರು ಅಂತ ಜನ ಅಣಕಿಸಿದಾಗ 14ನೇ ಶತಮಾನದಲ್ಲಿ ಗ್ರೆಗರಿ ಪಾಲಮಾಸ್ ಎಂಬ ಸನ್ಯಾಸಿ ಅವರ ಪರ ನಿಂತ.

ಎದೆ ಮಾತ್ರ ಯಾರೂ ಬಿಟ್ಟಿಲ್ಲ. ಬೆನ್ನುಹುರಿ ಮೇಡಂ ಹೇಳಿದ ಮಾತೇ ಅದಕ್ಕೆ ಕಾರಣ ಇರಬಹುದು. ಇರುವ ಮೈ ಒಂದೇ, ಅದರ ಮೇಲೆ ಇಟ್ಟ ರಂಗೋಲಿ ಬೇರೆ.

ಭಾವನೆಗಳನ್ನು ಚಕ್ರಕ್ಕೆ ಹಚ್ಚಿದ್ದು ಪೂರ್ತಿ ಪಶ್ಚಿಮದವರ ಕೆಲಸ ಅಂತಲೂ ಹೇಳಲಾಗದು, ಅದನ್ನೂ ಸೇರಿಸಿಬಿಡುತ್ತೇನೆ. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1932ರಲ್ಲಿ ಜ್ಯೂರಿಕ್‌ನಲ್ಲಿ ಕುಂಡಲಿನಿಯ ಬಗ್ಗೆ ಉಪನ್ಯಾಸ ಕೊಟ್ಟ ಮೇಲೆ ಮನಶ್ಶಾಸ್ತ್ರದ ಓದು ಜೋರಾಯಿತು ನಿಜ. ಆದರೆ 13ನೇ ಶತಮಾನದ ಶಾರ್ಙ್ಗದೇವನ ಸಂಗೀತ ರತ್ನಾಕರದಲ್ಲೇ ದಳಕ್ಕೊಂದು ಮನಸ್ಥಿತಿ ಇದೆ. ಕೆಲವು ದಳದಲ್ಲಿ ಜೀವ ನಿಂತರೆ ಹಾಡು ಒಲಿಯುತ್ತದೆ, ಇನ್ನು ಕೆಲವದರಲ್ಲಿ ಕೆಡುತ್ತದೆ ಅಂತಾನೆ. ಸಂಗೀತದ ಪುಸ್ತಕದಲ್ಲಿ ಚಕ್ರ ಬಂದದ್ದು ಯಾಕೆ ಅಂದರೆ, ಅವನಿಗೆ ನಾದ ಮೈಯಿಂದ ಏಳಬೇಕಿತ್ತು.

ಹೊಸ ಉಸಿರು:
ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ತರಗತಿ ಬಿಟ್ಟೆ. ಜೋರು ಉಸಿರೂ ಬಿಟ್ಟೆ. ಬೆಳಿಗ್ಗೆ ಹತ್ತು ನಿಮಿಷ ನಿಧಾನವಾಗಿ ಉಸಿರಾಡುತ್ತಾ, ತಾಳೆಗರಿ ಸರ್ ಹೇಳಿದ ಹಾಗೆ ಗಂಟಲಿಂದ ಅ ಆ ಇ ಈ ಇಡುತ್ತಾ ಬರುತ್ತೇನೆ. ಬಣ್ಣ ಹಾಕುವುದಿಲ್ಲ. ಎದೆಗೆ ಬಂದಾಗ ಙ, ಞ ಹತ್ತಿರ ದಿನಾ ತಡವರಿಸುತ್ತೇನೆ. ಒಂದನೇ ಕ್ಲಾಸಿನಲ್ಲೂ ಅಲ್ಲೇ ತಡವರಿಸುತ್ತಿದ್ದೆ. ನಗು ಬಂದುಬಿಡುತ್ತದೆ.

ಒಂದು ಪ್ರಶ್ನೆ ಉಳಿದಿದೆ. ನಮ್ಮ ಳ ಎಲ್ಲಿ? ಐವತ್ತರಲ್ಲಿ ಅದಕ್ಕೆ ದಳವೇ ಇಲ್ಲವಲ್ಲ.

ತಾಳೆಗರಿ:
ಒಳ್ಳೆಯ ಕಣ್ಣು! ಕೆಲವರು ಅಕ್ಷರ 51 ಅಂತ ಎಣಿಸುತ್ತಾರೆ. ಆಗ ಳ ಸೇರುತ್ತದೆ, ಹ ಮತ್ತು ಕ್ಷ ನಡುವೆ. ಆದರೆ ಆಜ್ಞೆಗೆ ಎರಡೇ ದಳ. ಮೂರನೆಯವರಿಗೆ ಜಾಗ ನೀವೇ ಮಾಡಿಕೊಡಬೇಕು.

ಕಟ್ಟುನಿಟ್ಟು:
ನೋಡಿ, ಮತ್ತೆ ಲೆಕ್ಕ ತಪ್ಪಿತು.